ರೋಗಿಗೆ ಗಡಿಯುಂಟೆ?

ಮನುಷ್ಯನು ಒಂದೂರಿನಿಂದ ಇನ್ನೊಂದೂರಿಗೆ ಹೊರಡುವುದಕ್ಕೆ ಕಾರಣಗಳು ಹಲವು. ಕೆಲವರು ವಿದ್ಯೆಗಾಗಿ ಹೊರಡುತ್ತಾರೆ, ಕೆಲವರು ಹೊಟ್ಟೆಪಾಡಿಗಾಗಿ, ಇನ್ನು ಕೆಲವರು ತೀರ್ಥಯಾತ್ರೆಗಾಗಿ. ಇವರೆಲ್ಲರ ಮನಸ್ಸಿನಲ್ಲಿಯೂ ಏನಾದರೊಂದು ಆಸೆಯಿರುತ್ತದೆ. ಆದರೆ ಇಷ್ಟವಿಲ್ಲದೆ, ಶಕ್ತಿಯಿಲ್ಲದೆ, ಮರಳಿ ಬರುವೆನೋ ಇಲ್ಲವೋ ಎಂಬ ಅಳುಕಿನಿಂದ ಮನೆ ಬಿಡುವ ಪ್ರಯಾಣಿಕನೊಬ್ಬನಿದ್ದಾನೆ. ಅವನೇ ರೋಗಿ. ನಮ್ಮ ಮಂಗಳೂರಿನ ಬೀದಿಗಳಲ್ಲಿ ಅವನನ್ನು ನಾವು ದಿನವೂ ಕಾಣುತ್ತೇವೆ. ಕಂಡೂ ಕಾಣದವರಂತೆ ಪುಸ್ತಕದ ಚೀಲ ಹೊತ್ತು ಶಾಲೆಯ ಕಡೆಗೆ ನಡೆಯುತ್ತೇವೆ. ಅವನ ವಿಚಾರವಾಗಿ ಕೆಲವು ಮಾತುಗಳನ್ನು ವಿದ್ಯಾರ್ಥಿಮಿತ್ರರ ಮುಂದಿಡಬೇಕೆಂಬುದು ನಮ್ಮ ಬಯಕೆ.

ನಮ್ಮೂರಿನಲ್ಲಿ ಕಣ್ಣಿಗೆ ಬೀಳದ ಸಂಗತಿ ಪರವೂರಿನಲ್ಲಿ ಕಣ್ಣಿಗೆ ಬೀಳುವುದುಂಟು. ನಮಗೂ ಹಾಗೆಯೇ ಆಯಿತು. ರಜೆಯ ದಿನಗಳಲ್ಲಿ ಒಮ್ಮೆ ನಾವು ವಿಶಾಖಪಟ್ಟಣಕ್ಕೆ ಹೋಗಿದ್ದೆವು. ಅಲ್ಲಿ ದ್ವಾರಕಾ ನಗರವೆಂಬ ಬಡಾವಣೆಯಲ್ಲಿ ಊರಿನ ದೊಡ್ಡ ಬಸ್ ನಿಲ್ದಾಣವಿದೆ. ಅದಕ್ಕೆ ದ್ವಾರಕಾ ಬಸ್ ನಿಲ್ದಾಣವೆಂಬ ಹೆಸರಿದ್ದರೂ ಜನರು ಆರ್.ಟಿ.ಸಿ. ಕಾಂಪ್ಲೆಕ್ಸ್ ಎಂದೇ ಕರೆಯುತ್ತಾರೆ. ಬೆಳಗಿನ ಜಾವ ಬಸ್ಸಿಗಾಗಿ ಕಾದು ಕುಳಿತಿದ್ದಾಗ, ಬೆಟ್ಟದ ಸೀಮೆಯಿಂದ ರಾತ್ರಿಯೆಲ್ಲ ಪಯಣಿಸಿ ಬಂದ ಬಸ್ಸೊಂದು ನಮ್ಮೆದುರಿಗೆ ನಿಂತಿತು. ಅದರಿಂದ ಮೊದಲು ಇಳಿದವನು ಒಬ್ಬ ತರುಣ. ಅವನು ತಿರುಗಿ ನಿಂತು, ಕಂಬಳಿ ಹೊದ್ದ ಮುದುಕರೊಬ್ಬರನ್ನು ಎರಡು ಕೈಗಳಿಂದ ಎತ್ತಿ ಇಳಿಸಿಕೊಂಡ. ಹಿಂದಿನಿಂದ ಒಬ್ಬ ಹೆಂಗಸು ಅನ್ನದ ಬುತ್ತಿಯನ್ನೂ ಒಂದು ಚಾಪೆಯನ್ನೂ ಹಿಡಿದು ಇಳಿದಳು. ತರುಣನು ನಮ್ಮ ಬಳಿಗೆ ಬಂದು ಏನನ್ನೋ ಕೇಳಿದ. ಅವನ ಮಾತು ನಮಗೆ ತಿಳಿಯಲಿಲ್ಲ. ನಮ್ಮ ಮಾತು ಅವನಿಗೆ ತಿಳಿಯಲಿಲ್ಲ. ಆಗ ಅವನು ಚೀಲದಿಂದ ಎಕ್ಸ್‌ರೇ ಚಿತ್ರದ ದೊಡ್ಡ ಲಕೋಟೆಯನ್ನು ತೆಗೆದು ತೋರಿಸಿದ. ಆ ಮೇಲೆ ಮಾತಿನ ಅಗತ್ಯವೇ ಬೀಳಲಿಲ್ಲ. ಪಕ್ಕದಲ್ಲಿದ್ದ ಆಟೋ ಚಾಲಕನು "ಕೆ.ಜಿ.ಎಚ್.?" ಎಂದ. ತರುಣನು ತಲೆಯಾಡಿಸಿದ. ಮೂವರೂ ಆಟೋ ಹತ್ತಿ ಹೊರಟುಹೋದರು.

ಕೆ.ಜಿ.ಎಚ್. ಎಂದರೆ ಕಿಂಗ್ ಜಾರ್ಜ್ ಆಸ್ಪತ್ರೆ. 1923ರಲ್ಲಿ, ಮದರಾಸು ಪ್ರಾಂತ್ಯದ ಕಾಲದಲ್ಲಿ, ಅದು ತೆರೆಯಿತು. ಇಂದಿನ ಆಂಧ್ರ ವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ ವರ್ಷ. ಅಂದಿನಿಂದ ಇಂದಿನವರೆಗೆ ಶ್ರೀಕಾಕುಳಂ, ವಿಜಯನಗರಂ ಸೀಮೆಯ ಜನರಿಗೆ ಮಾತ್ರವಲ್ಲದೆ, ಒಡಿಶಾದ ಕೋರಾಪುಟ್ ಕಡೆಯವರಿಗೂ ಛತ್ತೀಸಗಢದ ಬಸ್ತರ್ ಕಡೆಯವರಿಗೂ ಅದು ದೊಡ್ಡ ಆಸರೆ. ಕೋರಾಪುಟ್ಟಿನಿಂದ ವಿಶಾಖಪಟ್ಟಣಕ್ಕೆ ಸುಮಾರು 200 ಕಿಲೋಮೀಟರು. ಒಡಿಶಾದವರು ಆಂಧ್ರಕ್ಕೇಕೆ ಬರಬೇಕು ಎಂದು ಕೇಳುವವರಿದ್ದರೆ ಅವರಿಗೆ ಚರಿತ್ರೆಯೇ ಉತ್ತರ ಕೊಡುತ್ತದೆ. 1936ರ ಏಪ್ರಿಲ್ 1ರಂದು ಒರಿಸ್ಸಾ ಪ್ರಾಂತ್ಯ ಹುಟ್ಟುವವರೆಗೆ ಕೋರಾಪುಟ್ ಸೀಮೆಯು ವಿಶಾಖಪಟ್ಟಣ ಜಿಲ್ಲೆಯದೇ ಭಾಗವಾಗಿತ್ತು. ಅಂದರೆ, ಆಸ್ಪತ್ರೆ ತೆರೆದಾಗ ಅಲ್ಲಿಯ ಜನರು ಪರಸ್ಥಳದವರಾಗಿರಲಿಲ್ಲ, ಅದೇ ಜಿಲ್ಲೆಯವರಾಗಿದ್ದರು. ಹದಿಮೂರು ವರ್ಷಗಳ ಬಳಿಕ ಗಡಿ ಬಂದಿತು. ದಾರಿ ಮೊದಲು, ಗಡಿ ಆಮೇಲೆ. ಗಡಿಯನ್ನು ಎಳೆದವರು ಕಾಗದದ ಮೇಲೆ ಎಳೆದರು. ರೋಗಿಯು ಹಳೆಯ ದಾರಿಯಲ್ಲೇ ನಡೆದ.

ಆ ಬೆಟ್ಟಗಳಿಂದ ವಿಶಾಖಪಟ್ಟಣಕ್ಕೆ ಒಂದು ರೈಲುದಾರಿಯೂ ಉಂಟು. ಬೈಲಾಡಿಲ ಗಣಿಗಳ ಕಬ್ಬಿಣದ ಅದಿರನ್ನು ಬಂದರಿಗೆ ಸಾಗಿಸಿ ಜಪಾನಿಗೆ ಕಳುಹಿಸುವ ಉದ್ದೇಶದಿಂದ 1960ರ ದಶಕದಲ್ಲಿ ಕಟ್ಟಿದ ದಾರಿಯದು. ಕಿರಂದುಲಿನಿಂದ ಹೊರಟು ಜಗದಲ್ಪುರ, ಜೇಪುರ, ಕೋರಾಪುಟ್, ಅರಕುಗಳನ್ನು ಹಾದು, ಹಲವು ಸುರಂಗಗಳನ್ನು ನುಸುಳಿ ಅದು ಕಡಲ ಬಯಲಿಗೆ ಇಳಿಯುತ್ತದೆ. ಮೂರು ರಾಜ್ಯಗಳ ನೆಲದ ಮೇಲೆ ಹಾದುಬರುವ ಆ ಅದಿರನ್ನು "ನೀನು ಯಾವ ರಾಜ್ಯದ್ದು?" ಎಂದು ಯಾರೂ ಕೇಳುವುದಿಲ್ಲ. ಬೆಟ್ಟದ ಅದಿರು ಬಂದರಿಗೆ ಬೇಕು. ಹಾಗಿರುವಲ್ಲಿ ಆ ಬೆಟ್ಟದ ರೋಗಿಯು ಬಂದರಿನ ಆಸ್ಪತ್ರೆಗೆ ಬೇಡವಾಗುವುದು ಹೇಗೆ?

ಆ ದಿನ ದ್ವಾರಕಾ ನಗರದಲ್ಲಿ ಕುಳಿತು ಯೋಚಿಸುತ್ತಿದ್ದಂತೆ ನಮಗೆ ನಮ್ಮೂರೇ ನೆನಪಾಯಿತು. ವಿಶಾಖಪಟ್ಟಣ ಬಂದರು, ಮಂಗಳೂರೂ ಬಂದರು. ಕುದುರೆಮುಖದ ಅದಿರು ಬಹು ವರ್ಷಗಳ ಕಾಲ ನಮ್ಮ ಬಂದರಿಗೇ ಇಳಿದು ಬಂದಿತ್ತು. ಅಲ್ಲಿಗೆ ಕೋರಾಪುಟ್ ಹೇಗೋ ನಮಗೆ ಕಾಸರಗೋಡು ಹಾಗೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಅದರ ಜಿಲ್ಲಾ ಕೇಂದ್ರ ಮಂಗಳೂರೇ ಆಗಿತ್ತು. ಆ ದಿನ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿ ಎಲ್ಲಿರಬೇಕಾಗಿತ್ತು ಎಂಬ ವಾದವು ಬೇರೆ. ಅದನ್ನು ಇಲ್ಲಿ ಎತ್ತುವುದಿಲ್ಲ. ನಾವು ಹೇಳಬೇಕಾದುದು ಇಷ್ಟೇ: ನಮ್ಮ ಊರಿನ ಆಸ್ಪತ್ರೆಗಳು ಈ ಗಡಿಗಿಂತ ಹಳೆಯವು. ವೆನ್ಲಾಕ್ ಆಸ್ಪತ್ರೆಯ ಮೂಲ 1848ಕ್ಕೆ ಹೋಗುತ್ತದೆ. ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಔಷಧ ಕೊಡಲಾರಂಭಿಸಿದರು. ಅದು ಬೆಳೆದು ಇಂದು ದೊಡ್ಡ ಆಸ್ಪತ್ರೆಯಾಗಿದೆ. ಡಾಕ್ಟರ್ ಟಿ. ಎಂ. ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1955ರಲ್ಲಿ ಮಂಗಳೂರಿಗೂ ಬಂದು ವೆನ್ಲಾಕಿನಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳತೊಡಗಿತು. ಇವೆಲ್ಲವೂ ಗಡಿ ಹುಟ್ಟುವುದಕ್ಕೆ ಮುಂಚಿನ ಮಾತು. ಅಂದು ಮಂಜೇಶ್ವರದ ರೈತನೂ ಕುಂಬಳೆಯ ಬೆಸ್ತನೂ ಈ ಆಸ್ಪತ್ರೆಗಳಿಗೆ ತಮ್ಮ ಮನೆಯ ಆಸ್ಪತ್ರೆಗೆಂಬಂತೆ ಬರುತ್ತಿದ್ದರು. ಅವರ ಮೊಮ್ಮಕ್ಕಳು ಇಂದಿಗೂ ಹಾಗೆಯೇ ಬರುತ್ತಾರೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ - ಈ ಎಲ್ಲ ಮಾತುಗಳೂ ನಮ್ಮ ಆಸ್ಪತ್ರೆಗಳ ವರಾಂಡದಲ್ಲಿ ಒಟ್ಟಿಗೆ ಕೇಳಿಬರುತ್ತವೆ.

ಮಂಜೇಶ್ವರದಿಂದ ಮಂಗಳೂರಿಗೆ 20 ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಕೋಳಿಕೋಡಿನ ವೈದ್ಯಕೀಯ ಕಾಲೇಜಿಗೆ 150 ಕಿಲೋಮೀಟರಿಗೂ ಮಿಗಿಲು. ಎದೆನೋವು ಬಂದವನು ಯಾವ ಕಡೆಗೆ ಹೊರಡಬೇಕೆಂಬುದನ್ನು ಗಣಿತದ ಪುಸ್ತಕ ತೆರೆಯದೆಯೇ ಹೇಳಬಹುದು.

ಕಾಸರಗೋಡಿನ ಜನರಿಗೆ ವೈದ್ಯರ ಅಗತ್ಯ ಬೇರೆಯವರಿಗಿಂತ ಒಂದು ಕೈ ಹೆಚ್ಚೆಂದೇ ಹೇಳಬೇಕು. ಆ ಜಿಲ್ಲೆಯ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಎಂಬ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಹಳ್ಳಿಗಳಲ್ಲಿ ಕೈಕಾಲು ಸೊಟ್ಟಗಾದ, ಮಾತು ಬಾರದ, ಬುದ್ಧಿ ಬೆಳೆಯದ ಮಕ್ಕಳ ಸಂಗತಿ ದೇಶದ ಗಮನ ಸೆಳೆಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಆ ವಿಷವನ್ನು ತಡೆಹಿಡಿಯಿತು. ಸಿಂಪಡಣೆ ನಿಂತಿದೆ, ಆದರೆ ಮಕ್ಕಳನ್ನು ಎತ್ತಿಕೊಂಡು ಆಸ್ಪತ್ರೆಗೆ ತಿರುಗುವ ತಾಯಂದಿರ ಪ್ರಯಾಣ ನಿಂತಿಲ್ಲ.

ಹೀಗಿರುವಲ್ಲಿ 2020ರ ಮಾರ್ಚ್ ತಿಂಗಳು ಬಂದಿತು. ಕೋವಿಡ್ ರೋಗವು ದೇಶದಲ್ಲಿ ಹರಡತೊಡಗಿ ಎಲ್ಲೆಡೆ ಸಂಚಾರ ನಿಂತಿತು. ಕಾಸರಗೋಡಿನಲ್ಲಿ ರೋಗಿಗಳ ಸಂಖ್ಯೆ ಹೆಚ್ಚಿದುದರಿಂದ ನಮ್ಮ ರಾಜ್ಯದ ಆಡಳಿತವು ತಲಪಾಡಿಯೇ ಮೊದಲಾದ ಗಡಿರಸ್ತೆಗಳನ್ನು ಮುಚ್ಚಿತು. ಕೆಲವೆಡೆ ರಸ್ತೆಯ ಮೇಲೆ ಮಣ್ಣಿನ ರಾಶಿ ಸುರಿಯಲಾಯಿತು. ಆಂಬುಲೆನ್ಸುಗಳೂ ಮರಳಿಹೋಗಬೇಕಾಯಿತು. ಮಂಗಳೂರಿಗೆ ಬರಲಾಗದೆ ಕಾಸರಗೋಡಿನ ಹಲವರು ಪ್ರಾಣ ಬಿಟ್ಟರೆಂದು ಪತ್ರಿಕೆಗಳು ದಿನದಿನವೂ ವರದಿ ಮಾಡಿದವು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು, ತುರ್ತು ಚಿಕಿತ್ಸೆಗೆ ಹೋಗುವವರಿಗಾಗಿ ತಡೆಗಳನ್ನು ತೆಗೆಸಬೇಕೆಂದು ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. ವಿಷಯವು ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಏಪ್ರಿಲ್ 7ರ ವೇಳೆಗೆ ಎರಡು ರಾಜ್ಯಗಳೂ ಕೇಂದ್ರವೂ ಸೇರಿ, ತಲಪಾಡಿಯಲ್ಲಿ ರೋಗಿಗಳನ್ನು ಬಿಡುವ ಕ್ರಮವೊಂದನ್ನು ಒಪ್ಪಿಕೊಂಡವು.

ಇದು ನಮ್ಮ ಊರಿಗೆ ಮಾತ್ರ ಬಂದ ಅಪಕೀರ್ತಿಯೆಂದು ತಿಳಿಯಬೇಕಾಗಿಲ್ಲ. ಮರುವರ್ಷ, 2021ರ ಮೇ ತಿಂಗಳಲ್ಲಿ, ಆಂಧ್ರದಿಂದ ಹೈದರಾಬಾದಿಗೆ ಹೊರಟ ಆಂಬುಲೆನ್ಸುಗಳನ್ನು ತೆಲಂಗಾಣದ ಗಡಿಯಲ್ಲಿ ತಡೆದರು. ಕರ್ನೂಲಿನ ದಾರಿಯಲ್ಲೂ ತಡೆದರು, ವಿಜಯವಾಡದ ದಾರಿಯಲ್ಲೂ ತಡೆದರು. ಆ ಎರಡು ರಾಜ್ಯಗಳು ಬೇರೆಯಾದದ್ದು 2014ರಲ್ಲಿ. ಅಂದರೆ ಕೇವಲ ಏಳು ವರ್ಷಗಳ ಹಿಂದೆ ಹೈದರಾಬಾದು ಅವರೆಲ್ಲರ ರಾಜಧಾನಿಯಾಗಿತ್ತು. ಮೇ 14ರಂದು ತೆಲಂಗಾಣದ ಉಚ್ಚ ನ್ಯಾಯಾಲಯವು ಅಲ್ಲಿಯ ಸರಕಾರದ ಸುತ್ತೋಲೆಯನ್ನು ತಡೆಹಿಡಿಯಿತು. ಕಷ್ಟದ ಕಾಲದಲ್ಲಿ ಬಾಗಿಲು ಹಾಕಿಕೊಳ್ಳುವ ಬುದ್ಧಿಯು ಯಾವ ಒಂದು ನಾಡಿನ ಸ್ವಭಾವವೂ ಅಲ್ಲ. ಅದು ಭಯದ ಸ್ವಭಾವ.

ಇನ್ನು ಬಾಗಿಲು ಹಾಕಬೇಕೆನ್ನುವವರ ವಾದವನ್ನೂ ಕೇಳೋಣ. ಎದುರು ಪಕ್ಷದ ಮಾತನ್ನು ಕೇಳದೆ ತೀರ್ಪು ಹೇಳುವುದು ವಿದ್ಯಾರ್ಥಿಗಳಿಗೆ ತರವಲ್ಲ. ಅವರು ಹೇಳುತ್ತಾರೆ: "ಸಂವಿಧಾನದಂತೆ ಆಸ್ಪತ್ರೆಗಳು ರಾಜ್ಯದ ಪಟ್ಟಿಗೆ ಸೇರಿದ ವಿಷಯ. ಅವುಗಳಿಗೆ ಹಣ ಹಾಕುವವರು ರಾಜ್ಯದ ಜನರು. ನಮ್ಮವರಿಗೇ ಹಾಸಿಗೆ ಸಾಲದಿರುವಾಗ ಹೊರಗಿನವರಿಗೆ ಕೊಡುವುದೆಂತು?" ಈ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಸರಕಾರಿ ಆಸ್ಪತ್ರೆಗಳಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ ರೋಗಿಗಳನ್ನು ನಾವೂ ಕಂಡಿದ್ದೇವೆ. ಸೋಂಕಿನ ಭಯವೂ ಸುಳ್ಳಾಗಿರಲಿಲ್ಲ. ಪರೀಕ್ಷೆ ಮಾಡಿ, ಎಚ್ಚರಿಕೆಯಿಂದ ಒಳಗೆ ಬಿಡುವುದು ತಪ್ಪಲ್ಲ.

ಆದರೂ ಆ ವಾದವು ನಮಗೆ ಮೂರು ಕಾರಣಗಳಿಂದ ಒಪ್ಪಿಗೆಯಾಗುವುದಿಲ್ಲ.

ಮೊದಲನೆಯದು ನ್ಯಾಯದ ಮಾತು. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನೊಬ್ಬನನ್ನು ಒಂದರ ಮೇಲೊಂದರಂತೆ ಸರಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು, ಸಲಕರಣೆಯಿಲ್ಲವೆಂದು ಕಳುಹಿಸಿಬಿಟ್ಟವು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪ್ರಕರಣದಲ್ಲಿ ತೀರ್ಪಿತ್ತು, ಸಕಾಲದಲ್ಲಿ ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೆಯ ವಿಧಿಯು ಕೊಟ್ಟಿರುವ ಜೀವದ ಹಕ್ಕಿಗೆ ಭಂಗವೆಂದು ಸಾರಿತು. ಆ ವಿಧಿಯಲ್ಲಿ ರಾಜ್ಯದ ಹೆಸರಿಲ್ಲ, ಭಾಷೆಯ ಹೆಸರಿಲ್ಲ. 2018ರಲ್ಲಿ ದಿಲ್ಲಿಯ ಗುರು ತೇಗ್ ಬಹಾದೂರ್ ಆಸ್ಪತ್ರೆಯಲ್ಲಿ ದಿಲ್ಲಿಯವರಿಗೆ ಹೆಚ್ಚಿನ ಹಾಸಿಗೆಗಳನ್ನು ಮೀಸಲಿಡುವ ಸುತ್ತೋಲೆ ಹೊರಟಾಗ, ಅದನ್ನೂ ಅಲ್ಲಿಯ ಉಚ್ಚ ನ್ಯಾಯಾಲಯವು ರದ್ದುಪಡಿಸಿತು.

ಎರಡನೆಯದು ಕೊಟ್ಟು ಕೊಳ್ಳುವ ಮಾತು. ಇಂದು ನಮ್ಮಲ್ಲಿಗೆ ಬರುವವರಿರುವಂತೆ ನಮ್ಮವರೂ ಹೊರಗೆ ಹೋಗುತ್ತಾರೆ. ವೈದ್ಯೆ ಐಡಾ ಸ್ಕಡರ್ ಅವರು 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ವೆಲ್ಲೂರಿನ ಆಸ್ಪತ್ರೆಗೆ ಕರ್ನಾಟಕದವರು ಹೋಗುತ್ತಾರೆ. 1941ರಲ್ಲಿ ತೆರೆದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ಕ್ಯಾನ್ಸರಿನಿಂದ ನರಳುವವರು ಹೋಗುತ್ತಾರೆ. ಆಂಧ್ರದ ಪುಟ್ಟಪರ್ತಿಯಲ್ಲಿ 1991ರಲ್ಲಿ ತೆರೆದ ಆಸ್ಪತ್ರೆಗೆ, ಅಲ್ಲಿ ಹಣ ಕೇಳುವುದಿಲ್ಲವೆಂಬ ಕಾರಣದಿಂದ, ಹೃದಯದ ಕಾಯಿಲೆಯವರು ಗಡಿ ದಾಟಿ ಹೋಗುತ್ತಾರೆ. ಅಲ್ಲೆಲ್ಲ "ನೀವು ಯಾವ ರಾಜ್ಯದವರು? ಹಿಂದಿರುಗಿ" ಎಂದಿದ್ದರೆ ನಮ್ಮವರ ಗತಿಯೇನು? ನಮ್ಮ ತಾಯಿ ಪರವೂರಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಅವಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಬಯಸುತ್ತೇವೆಯೋ, ಪರವೂರಿನ ತಾಯಿ ನಮ್ಮ ಬಾಗಿಲಿಗೆ ಬಂದಾಗ ನಾವು ಹಾಗೆ ನಡೆದುಕೊಳ್ಳಬೇಕು.

ಮೂರನೆಯದು ಊರಿನ ಮಾತು. ಯಾವ ದೊಡ್ಡ ಊರೂ ತನ್ನೊಬ್ಬರಿಂದಲೇ ದೊಡ್ಡದಾಗಿಲ್ಲ. ಮಂಗಳೂರಿನ ಪೇಟೆಗೆ ಅಡಿಕೆ ಬರುವುದು, ಮೀನು ಬರುವುದು, ಕೆಲಸಕ್ಕೆ ಜನ ಬರುವುದು ಸುತ್ತಲಿನ ಸೀಮೆಯಿಂದ. ಆ ಸೀಮೆಯಲ್ಲಿ ಗಡಿಯಾಚೆಯದೂ ಸೇರಿದೆ. ನಮ್ಮ ತರಗತಿಗಳಲ್ಲೇ ಬೆಳಿಗ್ಗೆ ತಲಪಾಡಿ ದಾಟಿ ಬಂದು ಸಂಜೆ ತಲಪಾಡಿ ದಾಟಿ ಹೋಗುವ ಸಹಪಾಠಿಗಳಿದ್ದಾರೆ. ಪಾಠಕ್ಕೆ ನಮ್ಮವರಾದವರು ಜ್ವರ ಬಂದಾಗ ಪರರಾಗುವರೇ?

ಆದುದರಿಂದ ಬಾಗಿಲು ತೆರೆದಿರಬೇಕು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಇಷ್ಟಕ್ಕೇ ಮಾತು ಮುಗಿಯಿತೆಂದು ತಿಳಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ದ್ವಾರಕಾ ನಗರದಲ್ಲಿ ಬಸ್ಸಿನಿಂದ ಇಳಿದ ಆ ಮುದುಕರ ಮುಖವನ್ನು ನೆನೆದಾಗ ಇನ್ನೊಂದು ಪ್ರಶ್ನೆ ಏಳುತ್ತದೆ: ಅವರು ಅಷ್ಟು ದೂರ ಏಕೆ ಬರಬೇಕಾಯಿತು? ರೋಗಿಯೊಬ್ಬನು ದೂರದ ಊರಿಗೆ ಹೊರಟರೆ ಅವನೊಬ್ಬನೇ ಹೊರಡುವುದಿಲ್ಲ. ಜೊತೆಗೆ ಒಬ್ಬನೋ ಇಬ್ಬರೋ ಹೊರಡಬೇಕು. ಅವರ ಕೂಲಿ ತಪ್ಪುತ್ತದೆ. ಬಸ್ಸಿನ ಖರ್ಚು, ಊಟದ ಖರ್ಚು, ತಂಗುವ ಖರ್ಚು ಸೇರಿ ಕೆಲವೊಮ್ಮೆ ಔಷಧದ ಖರ್ಚನ್ನೇ ಮೀರುತ್ತವೆ. ಮನೆಯಲ್ಲಿ ಹಸುವನ್ನು ನೋಡುವವರಿಲ್ಲ, ಮಕ್ಕಳನ್ನು ಶಾಲೆಗೆ ಕಳುಹಿಸುವವರಿಲ್ಲ. ಹೀಗಾಗಿ ಬಡವರು "ಇನ್ನೆರಡು ದಿನ ನೋಡೋಣ" ಎಂದು ಮುಂದೂಡುತ್ತಾರೆ. ನೋಡುತ್ತ ನೋಡುತ್ತ ರೋಗ ಬಲಿಯುತ್ತದೆ. ದೂರವು ತಾನೇ ಒಂದು ರೋಗ.

ಇದಕ್ಕೆ ಪರಿಹಾರವಾಗಿ ಕೆಲವು ಕೆಲಸಗಳು ನಡೆದಿವೆ. ಕೋರಾಪುಟ್ಟಿನಲ್ಲಿ 2017ರಲ್ಲಿ ಶಹೀದ್ ಲಕ್ಷ್ಮಣ ನಾಯಕರ ಹೆಸರಿನ ವೈದ್ಯಕೀಯ ಕಾಲೇಜು ಆರಂಭವಾಯಿತು. ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಬಿದ್ದಿತ್ತು. ಕಟ್ಟಡ ಬಹು ನಿಧಾನವಾಗಿ ಏಳುತ್ತಿತ್ತು. ಗಡಿ ಮುಚ್ಚಿದ ಬಳಿಕ, 2020ರ ಏಪ್ರಿಲಿನಲ್ಲಿ, ಅಲ್ಲಿಯೇ ಅವಸರದಿಂದ ಕೋವಿಡ್ ಆಸ್ಪತ್ರೆಯನ್ನು ತೆರೆದರು. ಏಳು ವರ್ಷಗಳಲ್ಲಿ ಆಗದಿದ್ದುದು ಆಪತ್ತು ಬಂದಾಗ ಕೆಲವೇ ದಿನಗಳಲ್ಲಿ ಆಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಮನಸ್ಸು ಮಾಡಲು ಸಾವುಗಳಾಗಬೇಕೆ ಎಂಬುದೇ ನಮ್ಮ ಪ್ರಶ್ನೆ. ಕೇಂದ್ರ ಸರಕಾರವು 2018ರ ಸೆಪ್ಟೆಂಬರ್ 23ರಂದು ಆರಂಭಿಸಿದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ಬೇರೆ ರಾಜ್ಯದಲ್ಲಿಯೂ ಪಡೆಯಲು ಅವಕಾಶವುಂಟು. 2025ರಲ್ಲಿ ಒಡಿಶಾವೂ ಅದನ್ನು ಸೇರಿತು. ಕ್ಯಾನ್ಸರ್ ಮೊದಲಾದ ಕಾಯಿಲೆಯವರಿಗೂ ಜೊತೆಗೆ ಹೋಗುವವನಿಗೂ ರೈಲ್ವೆಯು ಟಿಕೇಟಿನಲ್ಲಿ ರಿಯಾಯಿತಿ ಕೊಡುತ್ತದೆ. ಇವು ಒಳ್ಳೆಯ ಕೆಲಸಗಳು. ಆದರೆ ಇಂಥ ಸೌಲಭ್ಯಗಳಿವೆಯೆಂಬುದೇ ಎಷ್ಟೋ ಹಳ್ಳಿಯವರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಹಕ್ಕು ಇದ್ದೂ ಇಲ್ಲದಂತೆ.

ಬಾಗಿಲನ್ನು ತೆರೆದಿಡಬೇಕು, ದಾರಿಯನ್ನು ಮೋಟು ಮಾಡಬೇಕು. ಎರಡೂ ಒಟ್ಟಿಗೆ ಆಗಬೇಕು. ಹಳ್ಳಿಯ ಹತ್ತಿರ ಆಸ್ಪತ್ರೆ ಬರುವವರೆಗೆ ಬಾಗಿಲು ಹಾಕುವೆವೆಂದರೆ ಅದು ಕ್ರೌರ್ಯ. ಬಾಗಿಲು ತೆರೆದಿದೆಯಲ್ಲ, ಹಳ್ಳಿಗೆ ಆಸ್ಪತ್ರೆಯೇಕೆ ಎಂದರೆ ಅದು ಸೋಮಾರಿತನ. ಇದೇ ನಮ್ಮ ಅಭಿಪ್ರಾಯದ ಸಾರ.

ವಿದ್ಯಾರ್ಥಿಮಿತ್ರರೇ, ಇದೆಲ್ಲ ಸರಕಾರದ ಕೆಲಸ, ನ್ಯಾಯಾಲಯದ ಕೆಲಸ. ನಮ್ಮಿಂದೇನಾದೀತು ಎಂದು ನೀವು ಕೇಳಬಹುದು. ನಿಮ್ಮಿಂದ ಆಗುವುದೂ ಕೆಲವುಂಟು. ಹೊಸ ಊರಿಗೆ ಬಂದ ರೋಗಿಗೆ ಮೊದಲು ಬೇಕಾಗುವುದು ಔಷಧವಲ್ಲ, ದಾರಿ ಹೇಳುವ ಒಬ್ಬ ಮನುಷ್ಯ. ಚೀಟಿ ಎಲ್ಲಿ ಮಾಡಿಸಬೇಕು, ರಕ್ತಪರೀಕ್ಷೆ ಯಾವ ಕೋಣೆಯಲ್ಲಿ, ಔಷಧದಂಗಡಿ ಯಾವ ಕಡೆ - ಇದು ಓದುಬರಹ ಬಾರದವನಿಗೆ ಕಾಡಿನಂತೆ ಕಾಣುತ್ತದೆ. ನಿಮ್ಮಲ್ಲಿ ಹಲವರಿಗೆ ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಇದು ಕರಾವಳಿಯ ಮಕ್ಕಳಿಗೆ ಹುಟ್ಟಿನಿಂದ ಬಂದ ಸಂಪತ್ತು. ಮಲಯಾಳ ಮಾತ್ರ ಬಲ್ಲ ಅಜ್ಜಿಯೊಬ್ಬಳು ಬೋರ್ಡಿನ ಮುಂದೆ ಕಂಗಾಲಾಗಿ ನಿಂತಿದ್ದರೆ, ಅವಳ ಮಾತನ್ನು ಬಲ್ಲವರು ಎರಡು ನಿಮಿಷ ನಿಂತು ಓದಿ ಹೇಳಲಿ. ತುಳು ಮಾತ್ರ ಬಲ್ಲ ಅಜ್ಜನ ಚೀಟಿಯನ್ನು ಓದಿ, ಮಾತ್ರೆ ಎಷ್ಟು ಹೊತ್ತಿಗೆ ಎಂದು ಬಿಡಿಸಿ ಹೇಳಿರಿ. ಸಂದೇಹವಿದ್ದರೆ ನೀವೇ ಊಹಿಸದೆ ದಾದಿಯರನ್ನು ಕೇಳಿ ತಿಳಿಸಿರಿ. ಮನೆಗೆ ಬಂದ ನೆಂಟರ ಕಡೆಯವರು ಆಸ್ಪತ್ರೆಗೆ ಹೊರಟರೆ, ಹಳೆಯ ಚೀಟಿಗಳನ್ನೂ ಎಕ್ಸ್‌ರೇಗಳನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ ಒಂದು ಕಡತ ಮಾಡಿಕೊಡಿರಿ. ಪರಭಾಷೆಯ ರೋಗಿಯ ತೊದಲು ಕನ್ನಡವನ್ನು ಕೇಳಿ ನಗಬೇಡಿರಿ. ಕನ್ನಡದ ಗೌರವವು ನಗುವುದರಿಂದ ಹೆಚ್ಚುವುದಿಲ್ಲ, ನೆರವಾಗುವುದರಿಂದ ಹೆಚ್ಚುತ್ತದೆ.

ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ದಾದಿಯರಾಗುವಿರಿ. ಆಗ ದೊಡ್ಡ ಊರಿನಲ್ಲೇ ಉಳಿಯಬೇಕೆಂಬ ಆಸೆ ಬರುವುದು ಸಹಜ. ಆ ದಿನ ಈ ಮಾತನ್ನು ನೆನೆದುಕೊಳ್ಳಿರಿ: ಒಬ್ಬ ವೈದ್ಯನು ಹಳ್ಳಿಯ ಕಡೆಗೆ 100 ಕಿಲೋಮೀಟರು ಹೋದರೆ, ಸಾವಿರಾರು ರೋಗಿಗಳಿಗೆ ಊರಿನ ಕಡೆಗೆ ಬರುವ 100 ಕಿಲೋಮೀಟರು ತಪ್ಪುತ್ತದೆ.

ದ್ವಾರಕಾ ನಗರದಲ್ಲಿ ಕಂಡ ಆ ಮುದುಕರು ಗುಣವಾಗಿ ಊರಿಗೆ ಮರಳಿದರೋ ಇಲ್ಲವೋ ನಾವರಿಯೆವು. ಆ ಬೆಳಗಿನ ಜಾವದಲ್ಲಿ ಒಬ್ಬ ಆಟೋ ಚಾಲಕನು ಅವರ ಊರನ್ನು ಕೇಳಲಿಲ್ಲ, ಜಾತಿಯನ್ನು ಕೇಳಲಿಲ್ಲ, ಭಾಷೆಯನ್ನೂ ಕೇಳಲಿಲ್ಲ. ಎಲ್ಲಿಗೆ ಹೋಗಬೇಕೆಂಬುದೊಂದನ್ನೇ ಕೇಳಿದ. ನಾಳೆ ಬೆಳಿಗ್ಗೆ ಶಾಲೆಗೆ ಬರುವಾಗ, ಕಂಕನಾಡಿಯಲ್ಲೋ ಹಂಪನಕಟ್ಟೆಯಲ್ಲೋ ಕೈಯಲ್ಲಿ ದೊಡ್ಡ ಲಕೋಟೆ ಹಿಡಿದು ಅತ್ತಿತ್ತ ನೋಡುತ್ತ ನಿಂತವರನ್ನು ಕಂಡರೆ, ನೀವೂ ಅದೊಂದನ್ನೇ ಕೇಳಿರಿ.